ಹತ್ತೊಂಬತ್ತನೆಯ ಎಳೆ

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈ ಧ್ವನಿ ಸಂದೇಶವನ್ನು ಇಲ್ಲಿಗೇ ನಿಲ್ಲಿಸಿ ನಿಮ್ಮ ಕೆಲಸ ನೋಡಿಕೊಳ್ಳಿ. ಹೋದ ಸಲ ಇದೇ ಕಥೆ ಹೇಳಿದಾಗ ಒಬ್ಬ ಜಾಣರು, “ಅಜ್ಜಾರ, ಅವರು ನಾಕನೂರ ಹದಿನೇಳು ಮಂದಿ ಅಲ್ರಿ, ಸುಮಾರು ನಾಕನೂರು” ಎಂದು ತಿದ್ದಲು ಬಂದರು. ಸುಮಾರು ಅಂತೆ! ನಿನ್ನೆ ಮಧ್ಯಾಹ್ನ ಯಾವ ಪಲ್ಯ ಉಂಡಿರಿ ಎಂದು ಕೇಳಿದರೆ ಹೆಂಡತಿಯ ಮುಖ ನೋಡುವವರು ನನಗೆ ಲೆಕ್ಕ ಕಲಿಸಬೇಡಿ. ನಾನೂರ ಹದಿನೇಳು. ಅದರಲ್ಲಿ ಮೊದಲನೆಯವನು ಬೆಟಗೇರಿಯ ನೇಕಾರ ವಿರೂಪಾಕ್ಷ. ಕಥೆ ಮಾತ್ರ ಅವನ ಹೆಂಡತಿ ಕಸ್ತೂರಿಯದು.

ನರಜ್ವರ ಬಂದು ಹೋದ ಮೇಲೆ ಗದಗ–ಬೆಟಗೇರಿಯಲ್ಲಿ ಸತ್ತವರು ಸತ್ತರು, ಉಳಿದವರಿಗೆ ಒಂದು ವಿಚಿತ್ರ ತೊಂದರೆ ಉಳಿಯಿತು. ನಾವು ಹೇಳದೆಯೇ ಮೈ ಮಾಡಿಕೊಂಡು ಹೋಗುವ ಕೆಲಸಗಳಿವೆಯಲ್ಲ, ಉಸಿರಾಡುವುದು, ಎದೆ ಬಡಿಯುವುದು, ಉಂಡದ್ದು ಅರಗುವುದು, ಬಿಸಿಲಿಗೆ ಬೆವರುವುದು, ಅವನ್ನು ಮೈ ಮರೆತುಬಿಡುತ್ತಿತ್ತು. ಅದಕ್ಕೇ ಎಡಗಡೆ ಕೊರಳೆಲುಬಿನ ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಯಂತ್ರ ಕೂರಿಸಿದರು. ಜನ ಅದಕ್ಕೆ ‘ತಾಳ’ ಎಂದು ಹೆಸರಿಟ್ಟರು. ಅದರಿಂದ ಮೂವತ್ತೆರಡು ಎಳೆಗಳು ಹೊರಟು ಮೈಯ ನರಗಳಿಗೆ ಕೂಡುತ್ತಿದ್ದವು. ಒಂದು ಎಳೆ ಎದೆಗೆ, ಒಂದು ಉಸಿರಿಗೆ, ಒಂದು ಬೆವರಿಗೆ, ನಗುವಿಗೂ ಅಳುವಿಗೂ ಒಂದೊಂದು, ಹೀಗೆ. ಹತ್ತು ಸೆಕೆಂಡಿಗೊಮ್ಮೆ ಯಾವ ಎಳೆ ಎಷ್ಟು ದುಡಿಯಿತು ಎಂದು ಆ ಗುಂಡಿ ಬರೆದಿಡುತ್ತಿತ್ತು. ದಿನದ ಬರಹ ಗದಗಿನ ಹಳೆಯ ಹತ್ತಿ ಮಿಲ್ಲಿಗೆ ಹೋಗಿ ಸೇರುತ್ತಿತ್ತು. ಹತ್ತಿಯ ಅಂಡಿಗೆಗಳಿದ್ದಲ್ಲಿ ಈಗ ಸರ್ವರ್‌ಗಳ ಕಪಾಟುಗಳು. ಆ ಬರಹಗಳನ್ನೆಲ್ಲ ಜೋಡಿಸಿ, ಸರಿಸಿ, ಕೂಡಿಸಿ, ಕಾಯುವವಳು ಕಸ್ತೂರಿ. ಬಣ್ಣದ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಒಂದು ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಏನು ಬೇಕೋ ಅದನ್ನು ಅಕ್ಷರದಲ್ಲೇ ಬರೆದು ಹೇಳಬೇಕು. ಹೇಳಿದ್ದನ್ನು ಅದು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ, ಯಾಕೆ ಎಂದು ಕೇಳುವುದೂ ಇಲ್ಲ.

ಈ ಬರಹ ಯಾಕೆ ಕಾಯಬೇಕು? ಗುಂಡಿಯ ಆಯುಷ್ಯ ಹನ್ನೆರಡು ವರ್ಷ. ಆಮೇಲೆ ಹೊಸದನ್ನು ಕೂರಿಸಬೇಕು. ಹೊಸದಕ್ಕೆ ಏನೂ ಗೊತ್ತಿರುವುದಿಲ್ಲ. ಹಳೆಯ ಬರಹವನ್ನೆಲ್ಲ ಓದಿಸಿದರೆ, ಈ ಮನುಷ್ಯನಿಗೆ ಎಷ್ಟೊತ್ತಿಗೆ ಹಸಿವು, ಯಾವ ಮಾತಿಗೆ ಎದೆ ಹೊಡೆದುಕೊಳ್ಳುತ್ತದೆ ಎಂದು ಕಲಿಯುತ್ತದೆ. ಓದಿಸದಿದ್ದರೆ ಕಾರ್ಖಾನೆಯಿಂದ ಬಂದ ಸರಾಸರಿ ಮನುಷ್ಯನ ಲೆಕ್ಕದಲ್ಲಿ ನಡೆಸುತ್ತದೆ. ಅಂಥವರನ್ನು ಊರಿನಲ್ಲಿ ‘ಸರಾಸರಿ ಮಂದಿ’ ಎನ್ನುತ್ತಿದ್ದರು. ಕೊಟ್ಟಾಗ ಉಣ್ಣುತ್ತಾರೆ, ಹತ್ತಕ್ಕೆ ಮಲಗುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಇಡಿಯಾಗಿ ಅಗಿದರೂ ಮೂಗು ಒರೆಸುವುದಿಲ್ಲ. ಮಗಳು ಹಡೆದಳು ಎಂದರೆ “ಹೌದೇನು” ಎನ್ನುತ್ತಾರೆ, ಮಗ ಸತ್ತ ಎಂದರೂ “ಹೌದೇನು” ಎನ್ನುತ್ತಾರೆ. ಮನೆಯವರಿಗೆ ಮೊದಲ ವರ್ಷ ಕಷ್ಟ. ಆಮೇಲೆ ರೂಢಿ. ಯಾವುದಕ್ಕೆ ರೂಢಿಯಾಗುವುದಿಲ್ಲ ಹೇಳಿ.

ವಿರೂಪಾಕ್ಷನ ಗುಂಡಿಗೆ ಹನ್ನೆರಡು ವರ್ಷ ತುಂಬಲು ಹನ್ನೊಂದು ದಿನ ಉಳಿದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಮಿಲ್ಲಿನಲ್ಲಿ ಕಸ್ತೂರಿ ಗಂಡನ ಬರಹಗಳನ್ನು ಕೂಡಿಸಲು ಕಮಾಂಡ್ ಕೊಟ್ಟಳು. ಪರದೆ ಒಂದು ಸಾಲು ಬರೆಯಿತು: ಹೆಸರುಗಳು ಹೊಂದುತ್ತಿಲ್ಲ.

ಅವಳು ಮತ್ತೊಮ್ಮೆ ಕೊಟ್ಟಳು. ಮತ್ತೆ ಅದೇ ಸಾಲು.

ಇಲ್ಲಿ ಒಂದು ಸಂಗತಿ ಹೇಳಬೇಕು. ಒಬ್ಬರ ಒಂದು ದಿನದ ಬರಹವೆಂದರೆ ಒಂದು ಫೈಲಲ್ಲ, ಮೂರು. ಒಂದರಲ್ಲಿ ಬರೀ ಅಂಕಿ. ಇನ್ನೊಂದರಲ್ಲಿ ಯಾವ ಅಂಕಿ ಎಷ್ಟು ಗಂಟೆಯದು ಎಂಬ ಸೂಚಿ. ಮೂರನೆಯದು ಹೆಸರಿನ ಫೈಲು: ಮೊದಲನೆಯ ಎಳೆ ಎದೆಯದು, ಎರಡನೆಯದು ಬೆವರಿನದು ಎಂದು ಹೇಳುವುದು. ಯಂತ್ರ ಈ ಹೆಸರಿನ ಫೈಲನ್ನು ಕೂರಿಸಿದ ದಿನ ಒಂದೇ ಒಂದು ಸಲ ಕಳಿಸುತ್ತದೆ. ಆಮೇಲೆ ಅದರ ಪ್ರತಿಯನ್ನು ದಿನದಿನದ ಕಂತೆಗೆ ಅಂಟಿಸುವುದು ಮಿಲ್ಲಿನ ಸರ್ವರ್‌ನ ಕೆಲಸ.

ಆರು ವರ್ಷದ ಹಿಂದೆ ಡಿಸ್ಕು ತುಂಬಿತ್ತು. ಜಾಗ ತುಂಬಿರಲಿಲ್ಲ, ಫೈಲುಗಳ ಎಣಿಕೆ ತುಂಬಿತ್ತು. ಮೇಲಧಿಕಾರಿ ಇನಾಮದಾರ ಬಂದು ಕಸ್ತೂರಿಯ ಕುರ್ಚಿಯ ಹಿಂದೆ ನಿಂತಿದ್ದರು.

“ಕಸ್ತೂರಿಬಾಯಿ, ನಾಳೆ ತಪಾಸಣಿಯವರು ಬರ್ತಾರ. ಇದು ಇನ್ನೊಂದ ಫೈಲ ಸೈತ ಹಿಡಿಯಾಂಗಿಲ್ಲ ಅನ್ನಾಕತ್ತೈತಿ. ಏನರ ಮಾಡ್ರಿ.”

“ಮೊದಲನೇ ತಂಡದವ್ರದು ಹೆಸರಿನ ಫೈಲ ಎಲ್ಲಾ ಒಂದಾ ಅಳತಿ ಅದಾವ್ರಿ ಸರ್. ಒಂದ ಇಟ್ಟು ಉಳದದ್ದು ತಗದ್ರ ಒಂಬತ್ತ ಲಕ್ಷ ಫೈಲ ಕಡಿಮಿ ಆಗ್ತಾವು.”

“ಹಂಗಾರ ತಗೀರಿ ಮತ್ತ. ಮುಹೂರ್ತ ನೋಡಬೇಕೇನು?”

ಒಂದು ಸಾಲಿನ ಕಮಾಂಡ್. ಅಳತೆ ಒಂದೇ ಇದ್ದರೆ ಒಂದನ್ನು ಇಟ್ಟುಕೋ, ಉಳಿದದ್ದನ್ನು ಅಳಿಸು. ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಅಳತೆ ಒಂದೇ ಇದ್ದದ್ದು ನಿಜ. ಎಲ್ಲದರಲ್ಲೂ ಅವೇ ಮೂವತ್ತೆರಡು ಹೆಸರು, ಅಷ್ಟೇ ಅಕ್ಷರ. ಆದರೆ ಮೊದಲನೆಯ ತಂಡಕ್ಕೆ ಗುಂಡಿ ಕೂರಿಸುವಾಗ ಡಾಕ್ಟರುಗಳಿಗೆ ಯಾವ ನರ ಮೊದಲು ಸಿಕ್ಕಿತೋ ಅದಕ್ಕೆ ಮೊದಲನೆಯ ಎಳೆ ಕೂಡಿಸಿದ್ದರು. ಒಬ್ಬೊಬ್ಬರದು ಒಂದೊಂದು ಕ್ರಮ. ಕಸ್ತೂರಿ ಒಂದೇ ಒಂದು ಫೈಲನ್ನು ತೆರೆದು ಓದಿದ್ದರೆ ಗೊತ್ತಾಗುತ್ತಿತ್ತು. ಓದಿರಲಿಲ್ಲ. ಆ ತಂಡದ ನಾನೂರ ಹದಿನೇಳು ಮಂದಿಯ ಎಳೆಗಳಿಗೆ ಯಾರದೋ ಒಬ್ಬನ ಹೆಸರುಪಟ್ಟಿ ಅಂಟಿಕೊಂಡು ಆರು ವರ್ಷ ಕೂತಿತ್ತು. ತೊಂಬತ್ತು ದಿನ ಕಳೆದ ಮೇಲೆ ನಕಲು ಪ್ರತಿಗಳೂ ಅಳಿಸಿಹೋಗಿದ್ದವು.

ಗುಂಡಿಯನ್ನೇ ಕೇಳಬಹುದಲ್ಲ ಎನ್ನುತ್ತೀರಿ. ಕೇಳಬಹುದು. ನಿಲ್ಲಿಸಿ ಕೇಳಬೇಕು, ಉತ್ತರ ಕೊಡಲು ಅದಕ್ಕೆ ಒಂಬತ್ತು ನಿಮಿಷ ಬೇಕು. ಹಳೆಯದನ್ನು ತೆಗೆದು ಹೊಸದನ್ನು ಹಾಕುವ ಐವತ್ತು ಸೆಕೆಂಡನ್ನೇ ಮೈ ಹಲ್ಲು ಕಚ್ಚಿ ತಡೆಯುತ್ತದೆ, ಅದೂ ಹನ್ನೆರಡು ವರ್ಷಕ್ಕೊಮ್ಮೆ.

ಕಸ್ತೂರಿ ಪರದೆ ಮುಚ್ಚಿದಳು. ಡಬ್ಬಿ ತೆಗೆದು ರೊಟ್ಟಿ ತಿಂದಳು. ಪುಂಡಿಪಲ್ಯ ಇತ್ತು. ಯಾರಿಗೂ ಏನೂ ಹೇಳಲಿಲ್ಲ. ಅವಳಿಗೆ ಭಯವಾಗಬೇಕಿತ್ತು, ಆಗಲಿಲ್ಲ. ಬಹಳ ವರ್ಷದಿಂದ ಅವಳಿಗೆ ಏನೂ ಅಷ್ಟಾಗಿ ಆಗುತ್ತಿರಲಿಲ್ಲ. ಜ್ವರ ಅವಳನ್ನು ಮುಟ್ಟಿರಲಿಲ್ಲ, ಗುಂಡಿಯೂ ಇರಲಿಲ್ಲ. ಅತ್ತೆ, ಇಬ್ಬರು ಮೈದುನರು ಒಂದೇ ವಾರದಲ್ಲಿ ಹೋದ ಮನೆ ಅದು. ಆಮೇಲೆ ಆ ಮನೆಯಲ್ಲಿ ಗಂಡಹೆಂಡಿರ ಮಾತೆಂದರೆ ನೀರು ಬಂತೋ, ಗ್ಯಾಸು ಮುಗಿಯಿತೋ, ಅಷ್ಟೇ.

ಮರುದಿನದಿಂದ ಅವಳು ರಜೆ ಹಾಕಿ ಲ್ಯಾಪ್‌ಟಾಪ್ ಮನೆಗೆ ತಂದಳು. ವಿರೂಪಾಕ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಲಾಳಿ ಈ ಕಡೆಯಿಂದ ಆ ಕಡೆ ಹೋಗಿ ಬರುತ್ತಿತ್ತು.

“ಹೊಸಾದು ಹಾಕೂಕ್ಕಿಂತ ಮೊದಲ ಒಂದಿಷ್ಟು ತಪಾಸ ಮಾಡಬೇಕ್ರಿ. ಎಲ್ಲಾರಿಗೂ ಮಾಡ್ತಾರ,” ಎಂದಳು.

“ಮಾಡು.”

ಪರದೆಯ ಮೇಲೆ ಮೂವತ್ತೆರಡು ಎಳೆಗಳು ಹೆಸರಿಲ್ಲದೆ ಓಡುತ್ತಿದ್ದವು. ಅವಳು ಗಂಡನಿಗೆ ಉಸಿರು ಹಿಡಿಯಲು ಹೇಳಿದಳು. ಏಳನೆಯ ಎಳೆ ಬಿತ್ತು. ಏಳು, ಉಸಿರು, ಎಂದು ಹಾಳೆಯಲ್ಲಿ ಬರೆದಳು. ಮಾಳಿಗೆಯ ಮೆಟ್ಟಿಲು ಹತ್ತಿಸಿ ಇಳಿಸಿದಳು. ಮೂರು, ಎದೆ. ಹಸಿ ಮೆಣಸಿನಕಾಯಿ ತಿನ್ನಿಸಿದಳು. ತಣ್ಣೀರು ಸುರಿದಳು. ಹಿಂದಿನಿಂದ ಹೋಗಿ ತಾಟು ಬಡಿದಳು. ಅವನು ಬೆಚ್ಚಿಬಿದ್ದು, “ಇದೂ ತಪಾಸನಾ ಏನು?” ಎಂದು ಕೇಳಿದ. “ಹೌದ್ರಿ, ಇಪ್ಪತ್ತೆರಡು,” ಎಂದಳು. ಒಂದು ದಿನ ಮಧ್ಯಾಹ್ನದವರೆಗೆ ಉಣ್ಣಲು ಕೊಡಲಿಲ್ಲ. ಹನ್ನೊಂದನೆಯದು ಹಸಿವು ಎಂದು ಗೊತ್ತಾಯಿತು. ಅವನು ಒಂದಕ್ಕೂ ಎದುರಾಡಲಿಲ್ಲ. ಎದುರಾಡಿದ್ದರೆ ಸಿಟ್ಟಿನ ಎಳೆಯೂ ಬೇಗ ಸಿಗುತ್ತಿತ್ತು. ಕೊನೆಗೆ ಅವಳೇ ಮಗ್ಗದ ನೂಲು ಹರಿದಳು, ಹದಿನಾಲ್ಕನೆಯದು ಜಿಗಿಯಿತು. ಬಾಯಲ್ಲಿ ಮಾತ್ರ ಅವನು, “ಇರಲಿ, ಗಂಟು ಹಾಕಿದ್ರಾತು,” ಎಂದ.

ಎಂಟು ದಿನದಲ್ಲಿ ಮೂವತ್ತು ಹೆಸರು ಸಿಕ್ಕವು. ಹತ್ತೊಂಬತ್ತು ಮತ್ತು ಇಪ್ಪತ್ತೇಳು ಉಳಿದವು. ಪಟ್ಟಿಯಲ್ಲಿ ಉಳಿದ ಹೆಸರೂ ಎರಡೇ: ನಗು, ಅಳು.

ಎರಡೂ ಉಸಿರನ್ನು ಕಿತ್ತು ಕಿತ್ತು ಬಿಡುವ ಕೆಲಸಗಳೇ. ಅಂಕಿಯಲ್ಲಿ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ನಗಿಸಿದರೆ ಒಂದು ಏಳುತ್ತದೆ, ಅಲ್ಲಿಗೆ ಮುಗಿಯಿತು. ಕಸ್ತೂರಿ ಗಂಡನ ಎದುರು ಚೌಕಿ ಹಾಕಿಕೊಂಡು ಕೂತು, ಆಫೀಸಿನಲ್ಲಿ ಕೇಳಿದ ಒಂದು ಚೇಷ್ಟೆಯನ್ನು ಹೇಳಿದಳು.

“ಒಬ್ಬಾಂವ ಕತ್ತೆ ಕಳದೈತಿ ಅಂತ ಠಾಣೇಕ ಹೋದ್ನಂತ. ಫೌಜದಾರ ಕೇಳಿದ್ನಂತ, ಕತ್ತೆ ನೋಡಾಕ ಹೆಂಗೈತಿ? ಇವಾ ಅಂದ್ನಂತ, ನಿಮ್ಮಂಗಾ ಐತ್ರಿ ಸಾಹೇಬ್ರ, ಆದ್ರ ಹೇಳಿದ ಮಾತ ಕೇಳತೈತಿ.”

ವಿರೂಪಾಕ್ಷ ಲಾಳಿ ನಿಲ್ಲಿಸಿ ಅವಳನ್ನು ನೋಡಿದ.

“ನಗಬೇಕೇನು?”

“ಬ್ಯಾಡ ಬಿಡ್ರಿ.”

ಅವನು ಮತ್ತೆ ಲಾಳಿ ಎಸೆದ. ಎರಡು ಎಳೆಗಳೂ ಚಾಪೆಯ ಹಾಗೆ ಮಲಗಿದ್ದವು.

ಅವನಿಗೆ ಅಳು ಬರಿಸಲು ಒಂದು ದಾರಿ ಇತ್ತು. ನಡೆದದ್ದನ್ನು ಹೇಳಿಬಿಡುವುದು. ಅದನ್ನು ಅವಳು ಮಾಡಲಿಲ್ಲ.

ಒಂಬತ್ತನೆಯ ದಿನ ಮಿಲ್ಲಿಗೆ ಹೋಗಿ ಹನ್ನೆರಡು ವರ್ಷದ ಬರಹವನ್ನೆಲ್ಲ ಜಾಲಾಡಿಸಿದಳು. ಈ ಎರಡು ಎಳೆ ಎಂದೆಂದು ಎದ್ದಿವೆ ತೋರಿಸು ಎಂದು ಕಮಾಂಡ್ ಕೊಟ್ಟಳು. ಇಪ್ಪತ್ತೇಳು ಹನ್ನೆರಡು ವರ್ಷದಲ್ಲಿ ಒಂದು ಸಲವೂ ಎದ್ದಿರಲಿಲ್ಲ. ಹತ್ತೊಂಬತ್ತು ನಲವತ್ಮೂರು ಸಲ ಎದ್ದಿತ್ತು. ನಲವತ್ಮೂರೂ ಮಧ್ಯಾಹ್ನ ಮೂರು, ನಾಲ್ಕರ ನಡುವೆ. ಒಂದೂ ರವಿವಾರವಲ್ಲ. ಅವಳು ಮಿಲ್ಲಿನಲ್ಲಿ ಇರುವ ಹೊತ್ತು.

ಅಂದರೆ ಈ ಮನುಷ್ಯ ನಲವತ್ಮೂರು ಸಲ ಅತ್ತು ಒಮ್ಮೆಯೂ ನಕ್ಕಿಲ್ಲ, ಇಲ್ಲವೇ ನಲವತ್ಮೂರು ಸಲ ನಕ್ಕು ಒಮ್ಮೆಯೂ ಅತ್ತಿಲ್ಲ.

ಕಸ್ತೂರಿ ತಾರೀಖುಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದಳು. ತಾಯಿ, ಇಬ್ಬರು ತಮ್ಮಂದಿರು. ಖಾಲಿ ಮನೆ. ಹೆಂಡತಿ ಇಲ್ಲದ ಹೊತ್ತು ನೋಡಿ ಮಗ್ಗ ನಿಲ್ಲಿಸಿ ಅಳುವ ಗಂಡಸು ಅವಳ ಕಣ್ಣಿಗೆ ಕಟ್ಟಿದ. ಅದೇ ಗಂಡಸು ಒಬ್ಬನೇ ಕೂತು ನಗುವುದನ್ನು ನೆನೆಯಲು ನೋಡಿದಳು. ಕಣ್ಣಿಗೆ ಕಟ್ಟಲಿಲ್ಲ. ಹತ್ತೊಂಬತ್ತು, ಅಳು. ಇಪ್ಪತ್ತೇಳು, ನಗು. ಬರೆದಳು.

ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಟ್ಟಿ ನೋಡಿ, “ಇದನ್ನ ಪೇಶಂಟ್ ಕೂಡ ಕೂತು ತಾಳೆ ನೋಡೀರೇನ್ರಿ?” ಎಂದು ಕೇಳಿದರು.

“ನೋಡೇನ್ರಿ.”

“ಒಮ್ಮೆ ಕಲಿಸಿದ ಮ್ಯಾಲೆ ಇದನ್ನ ಮತ್ತ ಹನ್ನೆರಡ ವರ್ಷ ತಿದ್ದಾಕ ಬರಾಂಗಿಲ್ಲ.”

“ಗೊತ್ತೈತ್ರಿ.”

ಐವತ್ತು ಸೆಕೆಂಡು. ಆಮೇಲೆ ವಿರೂಪಾಕ್ಷ ಕಣ್ಣು ಬಿಟ್ಟು, “ಹಸಿವಿ ಆಗೇತಿ,” ಎಂದ. ಅವನು ಯಾವಾಗಲೂ ಹಸಿಯುವ ಹೊತ್ತೇ ಅದು. ಕಸ್ತೂರಿ ಗೋಡೆಗೆ ಒರಗಿ ನಿಂತಳು. ಸರಾಸರಿ ಮನುಷ್ಯ ಆಗಲಿಲ್ಲ. ಮುಗಿಯಿತು ಎಂದುಕೊಂಡಳು. ಉಳಿದ ನಾನೂರ ಹದಿನಾರು ಮಂದಿಯನ್ನು ಅವತ್ತು ನೆನೆಯಲಿಲ್ಲ.

ಒಂದು ವಾರ ಕಳೆಯಿತು. ಮಧ್ಯಾಹ್ನ ಮೂರೂವರೆಗೆ ದಾವಲಸಾಬ ಮಿಲ್ಲಿನ ಬಾಗಿಲಿಗೆ ಓಡಿಬಂದ. ಇವನು ಅವರ ಓಣಿಯವನೇ, ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೆ ನೀಲಿ.

“ತಂಗಿ, ಲಗೂ ಬಾರವಾ. ನಿನ್ನ ಗಂಡ ಅಳಾಕತ್ತಾನ.”

“ಏನಾತಣ್ಣಾ?”

“ಏನೂ ಆಗಿಲ್ಲವಾ! ನಮ್ಮ ಬೀಗರ ಬಿಳಿ ದಾಡಿ ಬಣ್ಣದ ಬಾನಿಯೊಳಗ ಅದ್ದಿದ್ದು ಹೇಳಾಕತ್ತಿದ್ನಿ. ನಮಾಜಿಗೆ ಹ್ಯಾಂಗ ಹೋಗ್ಲಿ ಅಂತ ಬೀಗರು ಕೂಗ್ಯಾಡಿದ್ದು ಹೇಳಿದ್ರ ಇಂವಾ ಎದಿ ಬಡಕೊಂಡು ಅಳಾಕತ್ತಾನ. ಹತ್ತ ವರ್ಷಾತು ನನ್ನ ಕಥಿ ಕೇಳಾಕತ್ತು. ಬಿದ್ದ ಬಿದ್ದ ನಗತಿದ್ದ ಮನಶ್ಯಾ.”

ಕಸ್ತೂರಿಗೆ ನಿಂತ ನೆಲ ಗಟ್ಟಿಯಾಗಿಯೇ ಇತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನೀ ಯಾವಾಗ ಬರತಿದ್ದಿ ಅಣ್ಣಾ?”

“ಬಾನಿ ಕುದಿಯಾಕಿಟ್ಟು ಬರತಿದ್ನಿ. ಮೂರ್ ಹೊಡದ ಮ್ಯಾಲೆ. ದಿನಾ ಅಲ್ಲ, ಹೊಸ ಕಥಿ ಇದ್ದಾಗ.”

ಓಣಿಗೆ ಬಂದಾಗ ವಿರೂಪಾಕ್ಷ ಮಗ್ಗದ ಕುಣಿಯಲ್ಲೇ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ದುಃಖವಿರಲಿಲ್ಲ, ದಿಗಿಲಿತ್ತು.

“ನಗು ಬಂದಿತ್ತು. ಬಾಯಿಗೆ ಬರೂದ್ರಾಗ ಹಿಂಗಾತು. ಇದ ಕೆಟ್ಟೈತಿ ನೋಡು,” ಎಂದು ಕೊರಳೆಲುಬು ಮುಟ್ಟಿ ತೋರಿಸಿದ.

ಆಗ ಅವಳು ಹೇಳಿದಳು. ಲ್ಯಾಪ್‌ಟಾಪನ್ನು ಚೌಕಿಯ ಮೇಲೆ ತೆರೆದಿಟ್ಟು, ಸಂತೆಯ ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಎಲ್ಲ ಹೇಳಿದಳು. ಡಿಸ್ಕು ತುಂಬಿದ್ದು, ಅಳತೆ ನೋಡಿ ಅಳಿಸಿದ್ದು, ತಪಾಸಣೆ ಎಂದು ಸುಳ್ಳು ಹೇಳಿದ್ದು, ನಲವತ್ಮೂರು ತಾರೀಖು.

“ನೀವು ಒಬ್ಬರ ಕುಂತು ಅಳತೀರಿ ಅಂತ ತಿಳಕೊಂಡೆ. ನಗುವಿನ ಎಳಿಗೆ ಅಳು ಅಂತ ಬರದ್ನಿ.”

ವಿರೂಪಾಕ್ಷನ ಭುಜ ಅಲುಗಿತು. ಬಾಯಿ ತೆರೆಯಿತು. ಅವನು ನಕ್ಕ. ಮೊದಲು ಸಣ್ಣಗೆ, ಆಮೇಲೆ ಮಗ್ಗದ ಹಲಗೆ ಹಿಡಿದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಓಣಿಗೆಲ್ಲ ಕೇಳುವ ಹಾಗೆ ನಕ್ಕ. ಹೊಸ್ತಿಲಲ್ಲಿ ನಿಂತಿದ್ದ ದಾವಲಸಾಬ, “ಹಾಂ, ಸರಿಯಾತು ನೋಡವಾ!” ಎಂದು ತಾನೂ ನಗತೊಡಗಿದ.

ಕಸ್ತೂರಿ ಪರದೆ ನೋಡಿದಳು. ಹತ್ತೊಂಬತ್ತನೆಯ ಎಳೆ ನೆಟ್ಟಗೆ ಎದ್ದು ನಿಂತಿತ್ತು. ಅದರ ಮುಂದೆ ಅವಳೇ ಬರೆದ ಹೆಸರಿತ್ತು: ಅಳು. ಹನ್ನೆರಡು ವರ್ಷದಲ್ಲಿ ಗಂಡನಿಗೆ ಮೊದಲ ಸಲ ಅಳು ಬಂದಿತ್ತು. ಬಂದದ್ದು ತಪ್ಪಾದ ನರದಿಂದ.

“ನಗಬ್ಯಾಡಣ್ಣಾ,” ಎಂದಳು ದಾವಲಸಾಬನಿಗೆ. “ಅವ್ರು ಅಳಾಕತ್ತಾರ.”

ದಾವಲಸಾಬ ಬಾಯಿ ಮುಚ್ಚಿದ. ಅವನಿಗೆ ಏನು ಅರ್ಥವಾಯಿತೋ, ಚಪ್ಪಲಿ ಬಿಟ್ಟು ಒಳಗೆ ಬಂದು, ನೀಲಿ ಕೈಯನ್ನು ಗೆಳೆಯನ ಬೆನ್ನಿನ ಮೇಲಿಟ್ಟು ಕೂತ. ನಗು ಬಹಳ ಹೊತ್ತು ನಡೆಯಿತು. ಎದುರುಮನೆಯ ಹೆಂಗಸರು ಕಿಟಕಿಯಲ್ಲಿ ಬಂದು ಇಣುಕಿ, ಏನೋ ಸಂತೋಷದ ಸುದ್ದಿ ಎಂದುಕೊಂಡು ಹೋದರು.

ನಗು ಇಳಿದ ಮೇಲೆ ವಿರೂಪಾಕ್ಷ ನೀರು ಕೇಳಿ ಕುಡಿದ.

“ನನ್ನ ಕೇಳಬೇಕಿತ್ತು,” ಎಂದ. “ಕೇಳಿದ್ರ ಹೇಳತಿದ್ನಿ.”

“ಹೌದು.”

“ಕತ್ತೆ ಕಥಿ ಛಲೋ ಇತ್ತು. ನೀ ಹೇಳೂದು ಹಂಗಿರಲಿಲ್ಲ.” ಲೋಟ ಕೆಳಗಿಟ್ಟ. “ಇನ್ನೂ ಎಷ್ಟ ಮಂದಿದು ಹಿಂಗಾಗೇತಿ?”

“ನಾಕನೂರ ಹದಿನಾರು.”

“ಅವರನ್ನರ ಕೇಳು, ಹೋಗು.”

ಅವಳು ಅವತ್ತೇ ಮಿಲ್ಲಿಗೆ ಹೋಗಿ ಇನಾಮದಾರರ ಮುಂದೆ ನಿಂತಳು. ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮುಹೂರ್ತ ನೋಡಬೇಕೇನು ಅಂದಾಂವ ನಾನಾ,” ಎಂದರು. “ನಮ್ಮಕ್ಕ ಅದಾಳ ಆ ಪಟ್ಟಿಯೊಳಗ. ಮುಂದಿನ ತಿಂಗಳ ಅಕೀದು.”

“ಕರಸ್ರಿ ಸರ್. ಅಕ್ಕಾರನೂ, ಅಕ್ಕಾರ ಕೂಡ ದಿನಾ ಮಾತಾಡಾವ್ರು ಯಾರದಾರ, ಅವರನೂ.”

ಹೀಗೆ ಶುರುವಾಯಿತು. ಹತ್ತಿ ತೂಗುತ್ತಿದ್ದ ಹಾಲ್‌ನಲ್ಲಿ ಕಂಬಳಿ ಹಾಸಿದರು. ಗುಂಡಿಯವರು ಒಂದು ಕಡೆ, ಅವರನ್ನು ಬಲ್ಲವರು ಇನ್ನೊಂದು ಕಡೆ, ನಡುವೆ ಕಸ್ತೂರಿಯ ಕಪ್ಪು ಪರದೆ. ಮೊದಲ ದಿನ ಜನ ಅವಳನ್ನು ಬೈದರು. ಒಬ್ಬ ಮುದುಕಿ ಚಪ್ಪಲಿ ಎತ್ತಿದಳು. ಕಸ್ತೂರಿ ತಲೆ ತಗ್ಗಿಸಿ ಎಲ್ಲ ಕೇಳಿ, ಬೈಗುಳ ಮುಗಿದ ಮೇಲೆ ಆ ಮುದುಕಿಯವೇ ಎಳೆಗಳನ್ನು ತೋರಿಸಿ, “ಅವ್ವಾ, ಇದು ಸಿಟ್ಟಿಂದು, ಸಿಕ್ತು ನೋಡು, ಹನ್ನೆರಡು,” ಎಂದು ಬರೆದುಕೊಂಡಳು. ಮುದುಕಿ ಚಪ್ಪಲಿ ಕೆಳಗೆ ಹಾಕಿದಳು. ತನ್ನದು ಗುರುತಿಸಲು ಗಂಡ, ಮಕ್ಕಳು ಸಾಲದೆ, ಮೂವತ್ತು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿಯನ್ನು ಕರೆಸಿಕೊಂಡವರೂ ಇದ್ದರು. ಯಾರಿಗೆ ಯಾವುದು ಗೊತ್ತಿರುತ್ತದೆ ಎಂದು ಹೇಳಲು ಬರುವುದಿಲ್ಲ.

ವಿರೂಪಾಕ್ಷನಿಗೆ ಹಾಗೇ ಉಳಿಯಿತು. ದಾವಲಸಾಬ ಈಗಲೂ ಮೂರು ಹೊಡೆದ ಮೇಲೆ ಬರುತ್ತಾನೆ. ಕಥೆ ಚೆನ್ನಾಗಿದ್ದರೆ ವಿರೂಪಾಕ್ಷ ಗೊಳೋ ಎಂದು ಅಳುತ್ತಾನೆ, ದಾವಲಸಾಬ ತೊಡೆ ತಟ್ಟಿಕೊಳ್ಳುತ್ತಾನೆ. ಓಣಿಗೆ ರೂಢಿಯಾಗಿದೆ. ಕಸ್ತೂರಿ ಕೆಲವು ದಿನ ಮಧ್ಯಾಹ್ನ ಬೇಗ ಬಂದು ಹೊಸ್ತಿಲಲ್ಲಿ ಕೂರುತ್ತಾಳೆ. ನಗುವುದಿಲ್ಲ, ಕೂರುತ್ತಾಳೆ.

ನಾನೂರ ಹದಿನಾರರಲ್ಲಿ ನಾನೂರ ಏಳು ಮಂದಿ ಸಿಕ್ಕಿದ್ದಾರೆ. ಒಂಬತ್ತು ಮಂದಿ ಊರು ಬಿಟ್ಟು ಎಲ್ಲಿಗೆ ಹೋದರೋ ಗೊತ್ತಿಲ್ಲ. ಅವರ ಅಂಕಿಗಳು ಈಗಲೂ ದಿನವೂ ಮಿಲ್ಲಿಗೆ ಬರುತ್ತಿವೆ, ಹೆಸರಿಲ್ಲದೆ. ಈ ದೀಪಾವಳಿಯೊಳಗೆ ಅವರ ಗುಂಡಿಗಳು ನಿಲ್ಲುತ್ತವೆ. ಅದಕ್ಕೇ ಕೇಳುತ್ತಿದ್ದೇನೆ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದನ್ನು ನಿಮಗೆ ಗೊತ್ತಿರುವ ನಾಲ್ಕು ಜನಕ್ಕೆ ಕಳಿಸಿ. ಎಡಗಡೆ ಕೊರಳೆಲುಬಿನ ಕೆಳಗೆ ಗುಂಡಿ ಇದ್ದು, ಜ್ವರದ ವರ್ಷ ಗದಗಿನಲ್ಲಿ ಹಾಕಿಸಿಕೊಂಡವರು ಯಾರಾದರೂ ನಿಮ್ಮ ಕಡೆ ಇದ್ದರೆ ಹತ್ತಿ ಮಿಲ್ಲಿಗೆ ಬರಲು ಹೇಳಿ. ಕಾಗದಪತ್ರ ಏನೂ ಬೇಡ. ಅವರು ಯಾವಾಗ ನಗುತ್ತಾರೆ, ಯಾವಾಗ ಅಳುತ್ತಾರೆ ಎಂದು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಬರಲಿ, ಅಷ್ಟು ಸಾಕು.